ನಸ್ರೀನಳ ಹಕಾರ

2004ರಲ್ಲಿ ನನಗೆ ತೆರಕಣಾಂಬಿ ಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ವರ್ಗವಾಯಿತು. ಚಾಮರಾಜನಗರದಿಂದ ಬೆಳಗಿನ ಗುಂಡ್ಲುಪೇಟೆ ಬಸ್ಸು ಹತ್ತಿ ಹೋಗುತ್ತಿದ್ದೆ. ನನ್ನದು ಒಂದನೇ ತರಗತಿ. ಅಕ್ಷರ ತಿದ್ದಿಸುವ ಮೊದಲು ಪದಗಳ ಧ್ವನಿಯನ್ನು ಮಕ್ಕಳ ಕಿವಿಗೆ ಹಿಡಿಸುವ ಫೋನಿಕ್ಸ್ ಪದ್ಧತಿಯನ್ನು ತರಬೇತಿಯಲ್ಲಿ ಆಗಷ್ಟೇ ಕಲಿತಿದ್ದೆ. ನಾನೊಂದು ಧ್ವನಿ ಹೇಳಿದರೆ ಅದರಿಂದ ಶುರುವಾಗುವ ಪದವನ್ನು ಮಕ್ಕಳು ಹೇಳಬೇಕು. ‘ಮ’ ಎಂದರೆ ಸಾಕು, ಮರ, ಮನೆ, ಮಳೆ ಎಂದು ಸೂರು ಹಾರುವಂತೆ ಕೂಗುತ್ತಿದ್ದರು.

ಕೂಗದವಳು ನಸ್ರೀನ್ ಒಬ್ಬಳೇ. ಅವಳ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುವವರು, ಮನೆಮಾತು ಉರ್ದು. ದಸರಾ ರಜೆ ಮುಗಿದರೂ ಅವಳು ತುಟಿ ಬಿಚ್ಚಲಿಲ್ಲ. ಮಕ್ಕಳು ‘ಮೂಗಿ’ ಎನ್ನತೊಡಗಿದರು. ಒಂದು ಬೆಳಿಗ್ಗೆ ಅವಳ ತಂದೆ ಬಾಗಿಲಲ್ಲಿ ನಿಂತರು.

“ದಿನಾ ಅಳ್ತಾಳೆ ಮಿಸ್. ಇನ್ಮೇಲೆ ಮನೇಲೇ ಇರ್ಲಿ.”

“ಶನಿವಾರದವರೆಗೆ ಬಿಡಿ,” ಎಂದು ಕೇಳಿಕೊಂಡೆ. ಮನಸ್ಸಿಲ್ಲದೆ ಒಪ್ಪಿದರು. ಏನು ಮಾಡಬೇಕೆಂದು ನನಗೂ ತೋಚಿರಲಿಲ್ಲ.

ಶುಕ್ರವಾರ ‘ಹ’ದ ಸರದಿ. ಆ ಕಡೆಯ ಆಡುಮಾತಿನಲ್ಲಿ ಹಕಾರ ಉದುರಿಹೋಗುತ್ತದೆ. “ಅಸು!” “ಅಣ್ಣು!” “ಆವು ಮಿಸ್!” ಎಂದರು ಮಕ್ಕಳು. ಬಾಯಿ ಮುಂದೆ ಅಂಗೈ ಹಿಡಿದು, ‘ಹ’ ಎಂದಾಗ ಬಿಸಿ ಉಸಿರು ತಗಲಬೇಕು ಎಂದು ತೋರಿಸಿದೆ. ಯಾರಿಗೂ ತಗಲಲಿಲ್ಲ. ಆಗ ಹಿಂದಿನ ಸಾಲಿನಲ್ಲಿ ನಸ್ರೀನ್ ಅಂಗೈ ಎತ್ತಿ, ಮೆಲ್ಲಗೆ, “ಹಲ್ದಿ,” ಎಂದಳು.

“ಅದು ಅರಿಸ್ನ ಕಣಮ್ಮಿ!” ಪಕ್ಕದ ಮಾದೇವಿ ನಕ್ಕಳು.

“ಅವರ ಮನೆಯಲ್ಲಿ ಅರಿಸಿನಕ್ಕೆ ಹಲ್ದಿ ಅಂತಾರೆ. ಧ್ವನಿ ಸರಿ ಇದೆಯಾ, ಕೈ ಹಿಡಿದು ನೋಡು,” ಎಂದೆ.

ಮಾದೇವಿ ಅವಳ ಬಾಯಿ ಮುಂದೆ ಅಂಗೈ ಒಡ್ಡಿದಳು. ನಸ್ರೀನ್ ಮತ್ತೊಮ್ಮೆ ಹೇಳಿದಳು. ಮಾದೇವಿಯ ಕಣ್ಣರಳಿತು. “ಬಿಸಿ ಬತ್ತದೆ ಮಿಸ್!”

ಉಳಿದವರೂ ಕೈಯೊಡ್ಡಿ ಮುತ್ತಿಕೊಂಡರು. ನಸ್ರೀನ್ ಎಲ್ಲರಿಗೂ ಹೇಳಿ ತೋರಿಸಿ, ಆಮೇಲೆ ಅವರ ಬಾಯಿ ಮುಂದೆ ತಾನೇ ಕೈ ಹಿಡಿದು ಪರೀಕ್ಷಿಸಿದಳು. “ಅಸು ಅಲ್ಲ. ಹಸು.” ಅವಳ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು. ಸಂಜೆ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ.

ಶನಿವಾರ ಮಗಳನ್ನು ಕರೆದೊಯ್ಯಲು ಬಂದ ತಂದೆ ಕಿಟಕಿಯ ಆಚೆಯೇ ನಿಂತುಬಿಟ್ಟರು. ಒಳಗೆ ಬಳಪಕ್ಕಾಗಿ ನಸ್ರೀನ್, ಮಾದೇವಿ ಕಿತ್ತಾಡುತ್ತಿದ್ದರು, ಅರ್ಧ ಕನ್ನಡ, ಅರ್ಧ ಉರ್ದುವಿನಲ್ಲಿ.

“ಜಗಳ ಆಡೋಷ್ಟು ಆದ್ಳಲ್ಲ! ಇಲ್ಲೇ ಇರ್ಲಿ ಬುಡಿ ಮಿಸ್,” ಎಂದು ನಗುತ್ತಾ ಹೊರಟುಹೋದರು.

ನಿವೃತ್ತಿಯಾಗಿ ವರ್ಷಗಳಾದರೂ ಆ ಪುಟ್ಟ ಅಂಗೈಗಳು ಕಣ್ಣ ಮುಂದಿವೆ. ಯಾವ ಮಗುವೂ ಬರಿಬಾಯಲ್ಲಿ ಶಾಲೆಗೆ ಬರುವುದಿಲ್ಲ ಎಂಬುದನ್ನು ಆ ವಾರ ಕಲಿತೆ. ಮುಂದೆ ಪ್ರತಿ ಜೂನ್‌ನಲ್ಲೂ ಪಾಠ ಶುರುಮಾಡುವ ಮೊದಲು ಒಂದೊಂದೇ ವಸ್ತು ಎತ್ತಿ ಹಿಡಿದು ಕೇಳುತ್ತಿದ್ದೆ: “ನಿಮ್ಮನೇಲಿ ಇದಕ್ಕೆ ಏನಂತೀರಿ?”