ತಂಗಿ ಕಲಸಿದ ಮೊಸರನ್ನ

ಆ ಭಾನುವಾರ ಬೆಳಿಗ್ಗೆ ತಂಗಿ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. "ಇವತ್ತೊಂದಿನ ಅಡುಗೆಮನೆ ನಂದು. ನೀನು ಸುಮ್ನೆ ಕೂತ್ಕೊ ಅಕ್ಕ" ಅಂದಳು. ಮೊಸರನ್ನ ಕಲಸಿ, ತನ್ನ ಮಗಳಿಗೆ ಇಷ್ಟವೆಂದು ದಾಳಿಂಬೆ ಬಿಡಿಸಿ ಹಾಕಿ ಡಬ್ಬಿಗೆ ತುಂಬಿದಳು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಕ್ಕಳಾಗಲಿಲ್ಲ. ತಂಗಿಯ ಮಕ್ಕಳನ್ನು ನೋಡಿಕೊಳ್ಳಲು ಮಂಡ್ಯದಿಂದ ಅಮೆರಿಕದ ಕ್ಯಾಂಪ್‌ಬೆಲ್‌ಗೆ ಬಂದಿದ್ದೆ. ದೊಡ್ಡವನು ಶಾಲೆಗೆ ಹೋಗುತ್ತಿದ್ದ. ಮೂರು ವರ್ಷದವಳು ಇಡೀ ದಿನ ನನ್ನ ಜೊತೆ. ತಂಗಿ ಆಫೀಸಿನಿಂದ ಬರುವಷ್ಟರಲ್ಲಿ ಅವಳ ಊಟ ಮುಗಿಸಿರುತ್ತಿದ್ದೆ. ಕಾಯಬಹುದಿತ್ತು. "ಫ್ರೀವೇಲಿದೀನಿ ಅಕ್ಕ, ಬಂದೆ" ಎಂದು ತಂಗಿ ಫೋನು ಮಾಡಿದ ಮೇಲೂ ಬೇಗ ಬೇಗ ತುತ್ತು ಕೊಡುತ್ತಿದ್ದೆ. ಆ ಪುಟ್ಟ ಬಾಯಿ ನನ್ನ ಕೈಗೆ ತೆರೆಯಬೇಕಿತ್ತು, ಅಷ್ಟೇ.

ಅಂದು ನಾವು ಹೊರಟಿದ್ದು ಹಾಲಿಸ್ಟರ್ ಎಂಬ ಊರಿನಾಚೆಯ ಗುಡ್ಡಗಳಿಗೆ, ದನ ಸಾಕುವ ಒಂದು ರ‍್ಯಾಂಚಿಗೆ. ತಂಗಿಯ ಗಂಡ ಕಾರು ಓಡಿಸುತ್ತಿದ್ದ. ನಾನು ಹಿಂದೆ, ಎರಡು ಮಕ್ಕಳ ನಡುವೆ.

"ನೀನು ನಂಗೆ ಕೊಟ್ಟಿಗೆ ಮುಂದೆ ಕೂರಿಸ್ಕೊಂಡು ತಿನ್ನಿಸ್ತಿದ್ದೆಯಲ್ಲ ಅಕ್ಕ, ಇವತ್ತು ಹಂಗೇ ನಾನು ಇವಳಿಗೆ ತಿನ್ನಿಸ್ತೀನಿ" ಅಂದಳು ತಂಗಿ. ವಾರದ ದಣಿವು, ಸ್ವಲ್ಪ ಹೊತ್ತಿಗೇ ನಿದ್ದೆ ಹೋದಳು.

ಮಗು ಕೊಸರಾಡತೊಡಗಿತು. ಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟೆ. ಅಲ್ಲಿಗೆ ಸುಮ್ಮನಾಯಿತು. ಆದರೂ ಬಿಸ್ಕತ್ತು ಕೊಟ್ಟೆ, ಮತ್ತೊಂದು ಹಣ್ಣೂ ಕೊಟ್ಟೆ. ಊಟಕ್ಕೆ ಹೆಚ್ಚು ಹೊತ್ತಿಲ್ಲವೆಂದು ನನಗೆ ಗೊತ್ತಿತ್ತು. ಸೆರಗಿನಿಂದ ಅವಳ ಬಾಯಿ ಒರೆಸಿ, ಸಿಪ್ಪೆಯನ್ನು ಚೀಲದ ತಳಕ್ಕೆ ತುರುಕಿದೆ.

ರ‍್ಯಾಂಚಿನಲ್ಲಿ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಮೂಗುದಾರವಿಲ್ಲದ ದನಗಳು ತಂತಿಬೇಲಿಯ ತನಕ ಬಂದು ನಮ್ಮನ್ನೇ ನೋಡುತ್ತಿದ್ದವು. ದೊಡ್ಡವನು ಬೇಲಿಗೆ ಓಡಿದ. ತಂಗಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಡಬ್ಬಿ ತೆರೆದಳು.

"ಅಲ್ನೋಡು ಕಂದ, ಅಂಬಾ! ಆ ಅನ್ನು."

"ನೋ" ಅಂದಿತು ಮಗು.

"ಒಂದೇ ಒಂದು ತುತ್ತು, ಬಂಗಾರ."

ಮಗು ಕೈ ತಳ್ಳಿತು. ಅನ್ನ ತಂಗಿಯ ಮಡಿಲಿಗೆ ಬಿತ್ತು. "ದೊಡ್ಡಮ್ಮ!" ಎಂದು ನನ್ನತ್ತ ಕೈಚಾಚಿ ಅಳತೊಡಗಿತು.

"ನಿನ್ನ ಅಡುಗೆ ಅಂದ್ರೆ ನಂಗೇ ಭಯ, ಪಾಪ ಅದೇನು ಮಾಡುತ್ತೆ" ಎಂದು ಅವಳ ಗಂಡ ನಕ್ಕ.

ತಂಗಿ ನಗಲಿಲ್ಲ. "ಕಾರಲ್ಲಿ ಏನಾದ್ರೂ ತಿಂದ್ಲಾ ಅಕ್ಕ?"

"ಇಲ್ವಲ್ಲ" ಅಂದೆ.

ತಂಗಿ ಮಗುವನ್ನು ನನ್ನ ಕೈಗೆ ಕೊಟ್ಟು, ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಳು. ನಮಗೆ ಬೆನ್ನು ಮಾಡಿ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ನೀರು ಸುರಿಯುತ್ತಲೇ ಇತ್ತು. ಅವಳ ಭುಜ ಅಲುಗುತ್ತಿದ್ದುದು ನನಗೆ ಕಾಣಿಸಿತು. ಎದ್ದು ಹೋಗಿ ನಿಜ ಹೇಳಿದ್ದರೆ ಸಾಕಿತ್ತು. ಮಗು ನನ್ನ ಕುತ್ತಿಗೆಗೆ ಮುಖವೊತ್ತಿ ಮಲಗಿತ್ತು. ಏಳಲಿಲ್ಲ.

ಸಂಜೆ ಮನೆಯಲ್ಲಿ ತಂಗಿ ಅದೇ ಡಬ್ಬಿ ಹಿಡಿದು ನನ್ನ ಪಕ್ಕ ಕೂತಳು. ಅವಳ ಕಣ್ಣು ಊದಿತ್ತು.

"ತುತ್ತು ಹೆಂಗೆ ಮಾಡ್ತೀಯ, ತೋರ್ಸಕ್ಕ. ನೀನು ಊರಿಗೆ ಹೋದ್ಮೇಲೆ ಇವಳು ಉಪವಾಸ ಇದ್ಬಿಡ್ತಾಳೆ. ನಂಗೆ ಬರಲ್ಲ ಅನ್ಸುತ್ತೆ."

ನಾನು ತೋರಿಸಿದೆ. ಅವಳು ಚಿಕ್ಕಂದಿನಲ್ಲಿ ಅಕ್ಷರ ತಿದ್ದುತ್ತಿದ್ದ ಹಾಗೆಯೇ ತುಟಿ ಕಚ್ಚಿ, ಅನ್ನವನ್ನು ಬೆರಳ ತುದಿಯಲ್ಲಿ ಉಂಡೆ ಮಾಡಿ ನನ್ನ ಮುಂದೆ ಹಿಡಿದಳು.

"ಸರಿಯಾಯ್ತಾ?"

"ಇನ್ನೊಂಚೂರು ಚಿಕ್ಕದು ಮಾಡು" ಅಂದೆ.