ತಿಕೋಟಾ ಮೇಲೋ, ಬಬಲೇಶ್ವರ ಮೇಲೋ

ನಮ್ಮ ಅತ್ತೆ ಮುಂಬೈಯಿಂದ ಬೆಳಗಾವಿಯವರೆಗೂ ವಿಮಾನದಲ್ಲಿ ಕಣ್ಣು ಮುಚ್ಚಿಕೊಂಡೇ ಬಂದರು. ಕಿಟಕಿಯ ಸೀಟೇ ಬೇಕೆಂದು ಹಟ ಹಿಡಿದವರೂ ಅವರೇ. ವಿಮಾನ ಮೇಲೇಳುವಾಗ ಹಿಡಿದ ಈ ಸೊಸೆಯ ಮುಂಗೈಯನ್ನು ಅದು ನೆಲ ಮುಟ್ಟುವ ತನಕ ಬಿಡಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಸಿದ್ಧೇಶ್ವರನಿಗೆ ಏನೇನು ಹರಕೆ ಹೊತ್ತರೋ ಗೊತ್ತಿಲ್ಲ. ವಿಜಯಪುರದಲ್ಲಿ ಅವನ ಗುಡಿಯ ಹಿಂದಿನ ಓಣಿಯಲ್ಲೇ ನಮ್ಮ ಮನೆ ಇರುವುದರಿಂದ, ನಿಧಾನವಾಗಿ ತೀರಿಸಿದರಾಯಿತು ಎಂಬ ಸಲಿಗೆ ಅವರಿಗಿದೆ.

ಜೊತೆಗಿದ್ದವರು ಮಾವನ ತಮ್ಮ. ನಮಗೆಲ್ಲ ಅವರು ಕಾಕಾ. ತಿಕೋಟಾದಲ್ಲಿ ದ್ರಾಕ್ಷಿ ತೋಟ ಮಾಡಿಕೊಂಡಿರುವ ಕಾಕಾ, ಲೋಕದಲ್ಲಿ ಯಾರು ಎಲ್ಲಿಗೆ ಹೇಗೆ ಹೋಗಬೇಕೆಂಬುದನ್ನು ತಾವೇ ತೀರ್ಮಾನಿಸಬೇಕೆಂದು ನಂಬಿದವರು. ಅತ್ತೆಯ ಅಕ್ಕನ ಮೊಮ್ಮಗಳ ಮದುವೆಗೆಂದು ಮುಂಬೈಗೆ ರೈಲಿನಲ್ಲಿ ಹೋಗಿದ್ದೆವು. ಬರುವಾಗ ವಿಮಾನ ಎಂದವರು ಕಾಕಾ. ನಮ್ಮೂರಿಗೆ ವಿಮಾನ ಇನ್ನೂ ಶುರುವಾಗಿರಲಿಲ್ಲ, ಹಾಗಾಗಿ ಬೆಳಗಾವಿ. ಅಲ್ಲಿಂದ ವಿಜಯಪುರಕ್ಕೆ ಮತ್ತೆ ಅರ್ಧ ದಿನದ ದಾರಿ. ಆಕಾಶದಲ್ಲಿ ಉಳಿಸಿದ ಹೊತ್ತನ್ನೆಲ್ಲ ಹೀಗೆ ನೆಲದ ಮೇಲೆ ಕಳೆಯುವುದಕ್ಕೆ ಕಾಕಾ ಪ್ರಗತಿ ಎನ್ನುತ್ತಿದ್ದರು.

ಹೊರಗೆ ಬಂದೊಡನೆ ಟ್ಯಾಕ್ಸಿಯವನೊಬ್ಬ ಸಿಕ್ಕ. ಬಿಜಾಪುರಕ್ಕೆ ಎಂದೆವು. ಯಾವ ಕಡೆಯಿಂದ ಹೋಗಲಿ ಎಂದು ಕೇಳಿದ. ಬಡಪಾಯಿ, ಕೇಳಬಾರದಿತ್ತು.

ಕಾಕಾ "ಅಥಣಿ, ತಿಕೋಟಾ ಮ್ಯಾಲೆ" ಎಂದರು. ಅದೇ ಉಸಿರಿನಲ್ಲಿ ಅತ್ತೆ "ಜಮಖಂಡಿ, ಬಬಲೇಶ್ವರ ಮ್ಯಾಲೆ" ಎಂದರು.

ಎರಡು ದಾರಿಯೂ ವಿಜಯಪುರಕ್ಕೇ ಹೋಗುತ್ತವೆ. ಆದರೆ ಇಬ್ಬರಿಗೂ ವಿಜಯಪುರ ಬೇಕಾಗಿರಲಿಲ್ಲ. ಕಾಕಾನ ಪಕ್ಕದ ತೋಟದವನು ಒಮ್ಮೆ ದುಬೈಗೆ ಹೋಗಿ ಬಂದಿದ್ದ. ಅಂದಿನಿಂದ ಔಷಧ ಹೊಡೆಯುವಾಗಲೂ ದುಬೈ ಸುದ್ದಿ ಬಿಟ್ಟು ಬೇರೆ ಮಾತಿಲ್ಲ. ಅವನ ತೋಟದ ಬದುವಿನ ಮುಂದೆ ಟ್ಯಾಕ್ಸಿಯಿಂದ ಇಳಿಯುವುದು ಕಾಕಾನ ಆಸೆ. ಅತ್ತೆಯ ತವರು ಬಬಲೇಶ್ವರ. ಈ ವಯಸ್ಸಿನಲ್ಲಿ ವಿಮಾನ ಹತ್ತಿದರೆ ತಲೆ ಸುತ್ತಿ ಬೀಳುತ್ತೀ ಎಂದು ಅವರ ತಮ್ಮನ ಹೆಂಡತಿ ಹೊರಡುವ ಮೊದಲೇ ಅಪಶಕುನ ನುಡಿದಿದ್ದಳಂತೆ. ಬೀಳದೆ ಬಂದದ್ದನ್ನು ಅವಳಿಗೆ ತೋರಿಸದಿದ್ದರೆ ಹಾರಿದ್ದೇ ದಂಡ. ಸೂಟ್‌ಕೇಸಿಗೆ ವಿಮಾನದವರು ಕಟ್ಟಿದ್ದ ಪಟ್ಟಿಯನ್ನು ನಾನು ಹರಿಯಲು ಹೋದರೆ ಅತ್ತೆ ಕೈಗೆ ಫಟ್ಟನೆ ಹೊಡೆದರು.

ವಾದ ಬಹಳ ಹೊತ್ತು ನಡೆಯಿತು. ಅಥಣಿ ರಸ್ತೆಯ ಗುಂಡಿಗಳನ್ನು ಅತ್ತೆ ಬಣ್ಣಿಸಿದರು, ಜಮಖಂಡಿ ಕಡೆಯ ಕಬ್ಬಿನ ಟ್ರ್ಯಾಕ್ಟರುಗಳನ್ನು ಕಾಕಾ ಬಣ್ಣಿಸಿದರು. ತಂಪು ಹವೆಯ ಕಾರಿನಲ್ಲಿ ಕಾಲು ಚಾಚಿ ಮಲಗಬೇಕೆಂದಿದ್ದ ನನ್ನನ್ನು ಯಾರೂ ಕೇಳಲಿಲ್ಲ. ಕೊನೆಗೆ ಟ್ಯಾಕ್ಸಿಯವನೇ ಹೇಳಿದ: "ಅಜ್ಜೀ, ಎರಡೂ ಕಡೆ ಹೋಗಾಕ ಬರ್ತದ್ರಿ. ಒಂದ ಗಾಡಿಯಾಗ ಬರೂದಿಲ್ಲ."

ಅತ್ತೆ ಸೂಟ್‌ಕೇಸನ್ನು ತಮ್ಮ ಕಡೆ ಎಳೆದುಕೊಂಡರು. "ನೀ ತಿಕೋಟಾಕ್ಕ ಹೋಗಪಾ. ನಾವು ಬಸ್ಸಿಗೆ ಹೋಗ್ತೇವಿ."

'ನಾವು' ಎಂದರೆ ಅವರು ಮತ್ತು ನಾನು. ಕಾಕಾ ಒಬ್ಬರೇ ಹಿಂದಿನ ಸೀಟಿನಲ್ಲಿ ಮಂತ್ರಿಯಂತೆ ಕೂತು ಹೋದರು. ನಾವು ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ವಿಜಯಪುರದ ಕೆಂಪು ಬಸ್ಸು ಹತ್ತಿದೆವು. ಕಂಡಕ್ಟರು ಆಧಾರ್ ಕಾರ್ಡ್ ಕೇಳಿದಾಗ ಅತ್ತೆ ಬೋರ್ಡಿಂಗ್ ಪಾಸು ಚಾಚಿದರು. ಕೈತಪ್ಪಿ ಕೊಟ್ಟದ್ದಲ್ಲ ಎಂಬುದು ಅವರ ಮುಖದಲ್ಲೇ ಇತ್ತು. ಅವನು ತಿರುಗಿಸಿ ಮುರುಗಿಸಿ ನೋಡಿ, ಇದು ನಮ್ಮಲ್ಲಿ ನಡೆಯುವುದಿಲ್ಲ ಎಂದು ವಾಪಸು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಆಧಾರ್ ಬೇಕು. ಅದು ಚೀಲದ ತಳದಲ್ಲಿ ಮದುವೆಯ ಲಾಡುಗಳ ಕೆಳಗಿತ್ತು.

ಗೋಕಾಕ, ಮುಧೋಳ, ಜಮಖಂಡಿ ದಾಟಿ ಕೃಷ್ಣಾ ಹೊಳೆಯ ಸೇತುವೆ ಬರುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಬಬಲೇಶ್ವರದಲ್ಲಿ ಇಳಿದರೆ ಅಂದು ಸಂತೆ. ತವರುಮನೆಗೆ ಬೀಗ. ತಮ್ಮನ ಹೆಂಡತಿ ಸಂತೆಗೆ ಹೋಗಿದ್ದಾಳೆಂದು ಎದುರುಮನೆಯವರು ಹೇಳಿದರು. ಸೂಟ್‌ಕೇಸಿನ ಗಾಲಿಗಳನ್ನು ಬದನೆಕಾಯಿ ರಾಶಿಗಳ ನಡುವೆ ಗಡಗಡ ಉರುಳಿಸುತ್ತ ಹುಡುಕಿದೆವು. ಆಕೆ ಒಣಮೆಣಸಿನಕಾಯಿಯವಳ ಜೊತೆ ಜಗಳಕ್ಕೆ ನಿಂತಿದ್ದಳು.

"ಯಾವಾಗ ಬಂದಿ? ಬಸ್ಸಿಗೆ ಬಂದ್ಯಾ?"

"ವಿಮಾನದಾಗ ಬಂದೇನಿ," ಎಂದರು ಅತ್ತೆ.

"ಬಬಲೇಶ್ವರಕ್ಕ ವಿಮಾನ ಬರ್ತದೇನ?" ಎಂದವಳು ಉತ್ತರಕ್ಕೂ ಕಾಯದೆ, ತನ್ನ ತರಕಾರಿ ಚೀಲವನ್ನು ಸ್ವಲ್ಪ ಹಿಡಿ ಎಂದು ಅತ್ತೆಯ ಕೈಗೆ ಕೊಟ್ಟು, ಮೆಣಸಿನಕಾಯಿ ಮುರಿದು ಮೂಸತೊಡಗಿದಳು.

ಅತ್ತೆಯ ಮುಖ ಬಾಡಿದ್ದನ್ನು ನೋಡಿ ನನಗೆ ನಗು ಬಂತು, ಆಮೇಲೆ ಪಾಪ ಅನ್ನಿಸಿತು. ಮನೆಗೆ ಬಂದು ಉಂಡು ಹೋಗಿ ಎಂದು ಆಕೆ ಎಷ್ಟು ಕರೆದರೂ ಅತ್ತೆ ಒಪ್ಪಲಿಲ್ಲ. ವಿಜಯಪುರಕ್ಕೆ ಹೊರಟು ನಿಂತಿದ್ದ ಜೀಪಿನಲ್ಲಿ ನನ್ನನ್ನು ತುರುಕಿ ತಾವೂ ತೂರಿಕೊಂಡರು. ಒಳಗೆ ಸಂತೆಯ ಗಂಟುಗಳು, ಮಂದಿ, ಯಾರದೋ ಕಾಲ ಸಂದಿಯಲ್ಲಿ ಒಂದು ಮೇಕೆ. ಮೇಕೆ ಸೂಟ್‌ಕೇಸಿನ ಪಟ್ಟಿಗೆ ಬಾಯಿ ಹಾಕಿತು. ಅದೇನೆಂದು ಪಕ್ಕದಲ್ಲಿದ್ದ ಸಾರವಾಡದ ಮುದುಕಿ ಕೇಳಿದಳು. ಅತ್ತೆಗೆ ಬೇಕಾಗಿದ್ದ ಪ್ರಶ್ನೆ ಕಡೆಗೂ ಸಿಕ್ಕಿತು. ಪಟ್ಟಿಯನ್ನು ಮೇಕೆಯ ಬಾಯಿಂದ ಎಳೆದು ಇಡೀ ಕತೆ ಹೇಳಿದರು. ಜೀಪಿನ ಮಂದಿಯೆಲ್ಲ ಇತ್ತ ತಿರುಗಿದರು. ಡ್ರೈವರು ಕೂಡ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ.

"ಮ್ಯಾಲಿಂದ ನಮ್ಮ ಸಾರವಾಡ ಕಾಣ್ತದೇನ್ರಿ?" ಮುದುಕಿ ಕೇಳಿದಳು.

"ಕಾಣ್ದ ಏನ್ರಿ. ಹೊಲ, ಗಿಡ, ಮಂದಿ, ಎಲ್ಲಾ ಕಾಣ್ತದ."

ವಿಮಾನ ಸಾರವಾಡದ ಹತ್ತಿರಕ್ಕೂ ಸುಳಿದಿರಲಿಲ್ಲ. ಸುಳಿದಿದ್ದರೂ ಅತ್ತೆಯ ಕಣ್ಣು ಮುಚ್ಚಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಮುದುಕಿ ಮುಂದೆ ಬಾಗಿದಳು. "ಹಂಗಾರ ನಮ್ಮ ಮುದುಕ ಹೊಲದಾಗ ಕಸ ತಗ್ಯಾಕತ್ತಿದ್ನೋ, ಬೇವಿನ ಗಿಡದ ಬುಡಕ ಬಿದ್ಕೊಂಡಿದ್ನೋ?"

ಅತ್ತೆ ಒಂದು ಕ್ಷಣವೂ ತಡವರಿಸಲಿಲ್ಲ. "ಬಿದ್ಕೊಂಡಿದ್ರರಿ ಯವ್ವಾ. ಮಾರಿ ಮ್ಯಾಲೆ ಟವೆಲ್ ಹಾಕ್ಕೊಂಡಿದ್ರು."

ಜೀಪಿನಲ್ಲಿ ನಗೆ ಎದ್ದಿತು. ಮುದುಕಿ ಮಾತ್ರ ನಗಲಿಲ್ಲ. ನನಗೆ ಗೊತ್ತಿತ್ತು, ನನಗೆ ಗೊತ್ತಿತ್ತು ಎಂದು ಸಾರವಾಡ ಬರುವ ತನಕ ಹಲ್ಲು ಕಡಿಯುತ್ತಲೇ ಇದ್ದಳು. ಇಳಿದವಳು ಮನೆ ಕಡೆ ತಿರುಗದೆ ನೇರ ಹೊಲದ ದಾರಿ ಹಿಡಿದಳು. ಆ ಮುದುಕನ ಗತಿ ಏನಾಯಿತೋ, ಇವತ್ತಿಗೂ ನನಗೆ ತಿಳಿಯದು.

ಸಂಜೆ ಕಾಕಾನ ಫೋನು ಬಂತು. ದುಬೈಯವನು ಬೀಗರ ಊರಿಗೆ ಹೋಗಿದ್ದನಂತೆ. ಕಾಕಾ ಟ್ಯಾಕ್ಸಿಯವನಿಗೇ ಊಟ ಹಾಕಿಸಿ, ತೋಟ ತೋರಿಸಿ, ಕೈಗೊಂದಿಷ್ಟು ಒಣದ್ರಾಕ್ಷಿ ಕೊಟ್ಟು ಕಳಿಸಿದ್ದರು. ಬಬಲೇಶ್ವರದಲ್ಲಿ ಹೇಗಾಯಿತು ಎಂದು ಕೇಳಿದರು. ಅತ್ತೆ ಗೋಡೆಗೆ ಒರಗಿ ಕಾಲು ನೀವಿಕೊಳ್ಳುತ್ತ, "ಭಾಳ ಮಂದಿ ಕೂಡಿದ್ರಪಾ," ಎಂದರು. ಸಂತೆಯ ದಿನವಲ್ಲವೇ, ಅದರಲ್ಲಿ ಸುಳ್ಳೇನೂ ಇರಲಿಲ್ಲ.