ತಾಳಿ ಬಿಚ್ಚಿ, ಇನ್ನೊಂದ್ಸಲ ಕಟ್ಟಿ!

‘ಮದುಮಕ್ಕಳೆಲ್ಲ ತಾಳಿ ಬಿಚ್ಚಿ ಕೈಯಲ್ಲಿ ಹಿಡ್ಕೊಳ್ಳಿ. ಇನ್ನೊಂದ್ಸಲ ಕಟ್ಟೋಣ!’

ತಮಾಷೆಯಲ್ಲ ಸ್ವಾಮಿ. ಹೋದ ಭಾನುವಾರ ಮೊಳಕಾಲ್ಮೂರಿನ ಸಾಮೂಹಿಕ ಮದುವೆಯಲ್ಲಿ, ಊರಿಗೆಲ್ಲ ಕೇಳುವ ಹಾಗೆ ಮೈಕಿನಲ್ಲಿ ಬಂದ ಮಾತಿದು.

ಚಳ್ಳಕೆರೆಯಿಂದ ನಾನು ಅಲ್ಲಿಗೆ ಹೋದದ್ದು ಓಬಕ್ಕನಿಗಾಗಿ. ನನ್ನ ದೊಡ್ಡಮ್ಮನ ಮಗಳು, ಸೀರೆ ಮಗ್ಗದಲ್ಲಿ ದುಡಿಯುವವಳು. ಅವಳ ಮಗಳು ಚಂದ್ರಕಲಾಳ ಮದುವೆಯೂ ಅಲ್ಲೇ ಇತ್ತು. ‘ತಮ್ಮಾ, ಹೆತ್ತೋರನ್ನ ದೂರ ಕೂರಿಸ್ತಾರಂತೆ. ನನಗಂತೂ ಏನೂ ಕಾಣಲ್ಲ. ತಾಳಿ ಕಟ್ಟೋದೊಂದು ಫೋಟೋ ಹೊಡ್ಕೊಡಪ್ಪ, ಸಾಕು’ ಅಂದಿದ್ದಳು.

ಅಕ್ಕನ ಮಾತು, ಮೀರುವುದುಂಟೆ? ದುರ್ಗದ ಸ್ಟುಡಿಯೋದಿಂದ ಟೆಲಿಫೋಟೋ ಲೆನ್ಸ್ ಬಾಡಿಗೆಗೆ ತಂದೆ. (ನನ್ನ ಹೆಂಡತಿ ಬ್ಯಾಗ್ ಎತ್ತಿ ನೋಡಿ, ‘ಇದೇನ್ರಿ, ಬೋರ್‌ವೆಲ್ ಮೋಟರ್ ತಂದ್ರಾ?’ ಎಂದಳು.)

ಹೋಗಿ ನೋಡಿದರೆ ಮುಂದಿನ ಸೋಫಾಗಳೆಲ್ಲ ಗಣ್ಯರಿಗೆ. ಅವರ ಹಿಂದೆ ಅವರ ಹಿಂಬಾಲಕರು. ಆಮೇಲೆ ಬ್ಯಾರಿಕೇಡ್. ಅದರ ಆಚೆ, ಬಿಸಿಲಲ್ಲಿ, ಹೆತ್ತವರು! ಮಗಳ ಮದುವೆಯಲ್ಲಿ ಅವ್ವನೇ ಹೊರಗಿನವಳಾದರೆ ಒಳಗಿನವರು ಯಾರು ಹೇಳಿ?

ತಾಳಿ ಎತ್ತಿಕೊಡಬೇಕಾಗಿದ್ದ ಮುಖ್ಯ ಅತಿಥಿ ಬಂದೇ ಇರಲಿಲ್ಲ. ಮುಹೂರ್ತ ಮೀರುತ್ತದೆಂದು ಪುರೋಹಿತರು ಪಟ್ಟು ಹಿಡಿದರು. ಗಟ್ಟಿಮೇಳ ಮೊಳಗಿತು. ಲೆನ್ಸಿನಲ್ಲಿ ಚಂದ್ರಕಲಾ ಕೈಗೆ ಸಿಗುವಷ್ಟು ಹತ್ತಿರ. ಓಬಕ್ಕನನ್ನು ಎಳೆದು ಕ್ಯಾಮೆರಾಕ್ಕೆ ಕಣ್ಣಿಡಿಸಿ, ಬಟನ್ ಮಾತ್ರ ನಾನು ಒತ್ತಿದೆ. ‘ಅಯ್ಯೋ, ಕಟ್ದ ಕಣೋ!’ ಎಂದು ಅತ್ತೇಬಿಟ್ಟಳು. ನನಗೂ ಕಣ್ಣು ತುಂಬಿತು.

ಆಗ ಬಂದರಲ್ಲ ಸಾಹೇಬರು! ಪಟಾಕಿ, ಸೇಬಿನ ಹಾರ, ಜೈಕಾರ. ತಾಳಿ ಆಗಿಹೋಗಿದೆ ಎಂದು ಗೊತ್ತಾದದ್ದೇ ಅವರ ಮುಖ ಸಪ್ಪಗಾಯಿತು. ಆಯೋಜಕರಿಗೆ ಜೀವವೇ ಹೋದಂತಾಯಿತು. ಮೈಕಿನಲ್ಲಿ ಆ ಅಪ್ಪಣೆ ಹೊರಟಿದ್ದು ಆಗಲೇ. ಬಿಚ್ಚಬೇಕಂತೆ, ಸಾಹೇಬರ ಕೈಯಿಂದ ಇಸಿದುಕೊಂಡು ಮತ್ತೆ ಕಟ್ಟಬೇಕಂತೆ. ಯಾಕೆ? ಫೋಟೋಕ್ಕೆ!

ಒಂದಿಬ್ಬರು ಹುಡುಗಿಯರು ಹೆದರಿ ಕೊರಳ ಹಿಂದಕ್ಕೆ ಕೈ ಹಾಕಿದರು. ನನ್ನ ಪಕ್ಕದ ಅಜ್ಜಿಯೊಬ್ಬಳು ‘ವದ್ದಮ್ಮಾ, ವದ್ದು’ (ಬೇಡಮ್ಮಾ, ಬೇಡ) ಎಂದು ತೆಲುಗಿನಲ್ಲೇ ಗೋಗರೆದಳು. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ತಾಳಿ ಬಿಚ್ಚುವುದು ಯಾವಾಗ ಅಂತ ಈ ಆಯೋಜಕರಿಗೆ ಗೊತ್ತಿಲ್ಲವೆ? ಅವರ ಮನೆಯಲ್ಲಿ ಹೆಂಗಸರಿಲ್ಲವೆ?

ಓಬಕ್ಕ ಬ್ಯಾರಿಕೇಡ್ ಹಿಡಿದು ಅಲ್ಲಾಡಿಸಿದಳು. ‘ಯಾಕ್ರೋ ಬಿಚ್ತಾಳೆ ನನ್ನ ಮಗಳು? ನನ್ನ ಅಳಿಯ ಸತ್ತಾನೇನ್ರೋ? ಚಂದ್ರೀ, ಬಿಚ್ಚಬ್ಯಾಡ ಕಣೇ!’

ಅಷ್ಟು ದೂರಕ್ಕೆ, ಆ ಗದ್ದಲದಲ್ಲಿ, ಅವಳ ಕೂಗು ಕೇಳಿಸಿತೋ ಇಲ್ಲವೋ. ಲೆನ್ಸಿನಲ್ಲಿ ನೋಡಿದೆ. ಚಂದ್ರಕಲಾ ತಾಳಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಿಲ್‌ಕುಲ್ ಆಗಲ್ಲ ಎಂದು ತಲೆಯಾಡಿಸುತ್ತಿದ್ದಳು. ಕ್ಲಿಕ್ಕಿಸಿದೆ. ಅವಳನ್ನು ನೋಡಿ ಉಳಿದವರೂ ಕೈ ಇಳಿಸಿದರು. ಸಾಹೇಬರು ಅಕ್ಷತೆ ಎಸೆದು, ಭಾರತೀಯ ಸಂಸ್ಕೃತಿಯ ಬಗ್ಗೆ ಉದ್ದದ ಭಾಷಣ ಮಾಡಿ (ಹೌದು, ಸಂಸ್ಕೃತಿಯ ಬಗ್ಗೆಯೇ!) ಕಾರು ಹತ್ತಿದರು.

ಮಾರನೇ ದಿನ ಆಯೋಜಕರ ಫೋನ್. ‘ಸಾರ್, ದೊಡ್ಡ ಲೆನ್ಸ್ ತಂದಿದ್ರಲ್ಲ, ಫ್ಲೆಕ್ಸ್ ಮಾಡಿಸ್ಬೇಕು, ಒಂದು ಒಳ್ಳೆ ಫೋಟೋ ಕಳಿಸ್ರಿ.’

ಆ ಮುಷ್ಟಿಯ ಫೋಟೋ ಕಳಿಸಿದೆ. ಮತ್ತೆ ಫೋನ್ ಬಂತು.

‘ಇದ್ರಾಗೆ ಸಾಹೇಬ್ರೇ ಇಲ್ವಲ್ಲ ಸಾರ್!’

‘ತಾಳಿ ಕಟ್ಟುವಾಗ ಇದ್ದರೇನ್ರಿ?’ ಎಂದೆ.